ಒಂದೇ ಒಂದು ಕಾರ್ಬನ್ ಅಂತರ

ಹೆಕ್ಸನಾಲ್ ಎಂದರೆ ಆರು ಕಾರ್ಬನ್‌ಗಳ ಸರಪಳಿ, ತುದಿಯಲ್ಲೊಂದು ಆಲ್ಕೊಹಾಲ್ ಗುಂಪು. ಅದೇ ಸರಪಳಿಗೆ ಇನ್ನೊಂದು ಕಾರ್ಬನ್ ಸೇರಿದರೆ ಹೆಪ್ಟನಾಲ್. ಜೇನುನೊಣವೊಂದಕ್ಕೆ ಹೆಕ್ಸನಾಲ್ ವಾಸನೆ ತೋರಿಸಿ, ಹಿಂದೆಯೇ ಸಕ್ಕರೆ ನೀರು ಕೊಡಿ. ಎರಡು ಮೂರು ಸಲ ಹೀಗಾದ ಮೇಲೆ ವಾಸನೆ ಬಂದ ಕೂಡಲೇ, ಸಕ್ಕರೆಗೆ ಕಾಯದೆ, ನೊಣ ಸೊಂಡಿಲು ಚಾಚುತ್ತದೆ. ಈಗ ಅದೇ ನೊಣಕ್ಕೆ ಹೆಪ್ಟನಾಲ್ ತೋರಿಸಿ. ಬಹಳಷ್ಟು ನೊಣಗಳು ಅದಕ್ಕೂ ಚಾಚುತ್ತವೆ. ಇಲ್ಲಿಗೆ ನಿಲ್ಲಿಸಿದರೆ ‘ಇವೆರಡರ ವ್ಯತ್ಯಾಸ ಜೇನುನೊಣಕ್ಕೆ ಗೊತ್ತಾಗುವುದಿಲ್ಲ’ ಎಂದು ಬರೆದು ಮನೆಗೆ ಹೋಗಬಹುದು. ಆದರೆ ಇನ್ನೊಂದು ಗುಂಪಿನ ನೊಣಗಳಿಗೆ ಪಾಠವನ್ನು ಸ್ವಲ್ಪ ಬದಲಿಸಿ: ಹೆಕ್ಸನಾಲ್ ಬಂದಾಗ ಸಕ್ಕರೆ, ಹೆಪ್ಟನಾಲ್ ಬಂದಾಗ ಏನೂ ಇಲ್ಲ, ಎರಡನ್ನೂ ಹಿಂದುಮುಂದು ಮಾಡಿ ಐದಾರು ಸಲ. ಈ ಗುಂಪಿನವು ಮೊದಲು ಎರಡಕ್ಕೂ ಚಾಚಿ, ಆಮೇಲೆ ನಿಧಾನವಾಗಿ ಹೆಪ್ಟನಾಲ್‌ಗೆ ಚಾಚುವುದನ್ನು ಬಿಡುತ್ತವೆ. ಕುಡಿಮೀಸೆ ಅದೇ, ವಾಸನೆಯ ಅಣುವನ್ನು ಹಿಡಿಯುವ ಗ್ರಾಹಕಗಳು ಅವೇ, ಗಾಳಿಯಲ್ಲಿರುವ ಅಣುವೂ ಅದೇ. ಹಾಗಾದರೆ ಮೊದಲ ಗುಂಪಿಗೂ ವ್ಯತ್ಯಾಸ ಗೊತ್ತಿತ್ತು ಎಂದಾಯಿತಲ್ಲ? ಗೊತ್ತಿದ್ದೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೀಟಗಳ ಘ್ರಾಣದ ಬಗ್ಗೆ ಓದುವಾಗಲೆಲ್ಲ ನನ್ನನ್ನು ಕಾಡುವುದು ಇದೇ. ‘ಕೀಟದ ಮಿದುಳು ವಾಸನೆಗಳನ್ನು ಹೇಗೆ ಬೇರ್ಪಡಿಸುತ್ತದೆ’ ಎಂಬುದು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಅದರಲ್ಲಿ ಅರ್ಧ ಮಾತ್ರ ಇದೆ. ಯಾವುದನ್ನು ಬೇರ್ಪಡಿಸದೆ ಬಿಡಬೇಕು ಎಂಬುದು ಉಳಿದರ್ಧ, ಮತ್ತು ಅದೇ ಹೆಚ್ಚು ಕಷ್ಟದ ಕೆಲಸ ಎಂದು ನನ್ನ ಅಂದಾಜು. ಒಂದೇ ಹೂವಿನ ವಾಸನೆ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಇರುತ್ತದೆ. ಸಣ್ಣ ಸಣ್ಣ ವ್ಯತ್ಯಾಸಕ್ಕೆಲ್ಲ ‘ಇದು ಬೇರೆ’ ಎಂದು ಕೂತರೆ ಆ ನೊಣಕ್ಕೆ ಕಲಿತದ್ದು ಯಾವುದೂ ಎರಡನೆಯ ಸಲ ಉಪಯೋಗಕ್ಕೆ ಬರುವುದಿಲ್ಲ.

ಮೇಜಿನ ಮೇಲಿನ ನೊಣ

ಈ ಪ್ರಯೋಗದ ವಿವರಗಳಲ್ಲೇ ಅರ್ಧ ಉತ್ತರ ಅಡಗಿದೆ, ಹಾಗಾಗಿ ಅವಸರ ಮಾಡದೆ ನೋಡೋಣ. ಹಿಡಿದ ನೊಣಗಳನ್ನು ಗಾಜಿನ ಸೀಸೆಗೆ ಒಂದೊಂದಾಗಿ ಹಾಕಿ ಮಂಜುಗಡ್ಡೆಯಲ್ಲಿ ಇಡುತ್ತಾರೆ. ಕಾಲು ಆಡಿಸುವುದು ನಿಂತ ತಕ್ಷಣ ಹೊರಗೆ ತೆಗೆಯಬೇಕು. ಹೆಚ್ಚು ಹೊತ್ತು ತಣ್ಣಗಾದ ನೊಣ ಎದ್ದು ಕೂರುತ್ತದೆ, ಆದರೆ ಕಲಿಯುವುದರಲ್ಲಿ ಮಂಕಾಗಿರುತ್ತದೆ. ಎಚ್ಚರವಾಗುವ ಮೊದಲೇ ಅದನ್ನು ಸಣ್ಣ ಕೊಳವೆಯೊಳಗೆ ಕೂರಿಸಿ, ಕತ್ತಿನ ಹಿಂದೆ ಒಂದು ತೆಳು ಟೇಪಿನ ಪಟ್ಟಿ ಹಾಕುತ್ತಾರೆ. ತಲೆ ಹೊರಗೆ, ಕುಡಿಮೀಸೆ ಮತ್ತು ಬಾಯಿಯ ಭಾಗಗಳಿಗೆ ಮಾತ್ರ ಆಡುವ ಸ್ವಾತಂತ್ರ್ಯ. ಆಮೇಲೆ ಸ್ವಲ್ಪ ಸಕ್ಕರೆ ನೀರು ಕುಡಿಸಿ ಕೆಲವು ಗಂಟೆ ಸುಮ್ಮನೆ ಬಿಡಬೇಕು. ಹೊಟ್ಟೆ ತುಂಬಿದ್ದರೆ ಪಾಠದಲ್ಲಿ ಆಸಕ್ತಿ ಇರುವುದಿಲ್ಲ, ತೀರಾ ಹಸಿದಿದ್ದರೆ ಯಾವ ಗಾಳಿ ಬೀಸಿದರೂ ಸೊಂಡಿಲು ಚಾಚುತ್ತದೆ.

ಪಾಠದ ಒಂದು ಸುತ್ತು ಇಷ್ಟು: ನೊಣವನ್ನು ವಾಸನೆಯ ನಳಿಕೆಯ ಎದುರು ಇಟ್ಟು ಮೊದಲು ಬರೀ ಗಾಳಿ ಬಿಡುತ್ತಾರೆ, ಆ ಜಾಗಕ್ಕೆ ಅದು ಒಗ್ಗಿಕೊಳ್ಳಲಿ ಎಂದು. ಆಮೇಲೆ 4 ಸೆಕೆಂಡು ವಾಸನೆ. ಮೂರನೆಯ ಸೆಕೆಂಡು ಮುಗಿಯುತ್ತಿದ್ದಂತೆ ಸಕ್ಕರೆ ನೀರಿನಲ್ಲಿ ಅದ್ದಿದ ಕಡ್ಡಿಯನ್ನು ಕುಡಿಮೀಸೆಗೆ ಮುಟ್ಟಿಸಬೇಕು. ಸೊಂಡಿಲು ಹೊರಬಂದ ಕೂಡಲೇ 3 ಸೆಕೆಂಡು ಕುಡಿಯಲು ಬಿಡಬೇಕು. ವಾಸನೆ ಮತ್ತು ಸಿಹಿ ಒಂದು ಸೆಕೆಂಡು ಒಂದರ ಮೇಲೊಂದು ಬಂದವು. ಮುಂದಿನ ಸುತ್ತಿಗೆ 10 ನಿಮಿಷ ಬಿಡುವು. ಸಕ್ಕರೆ ತೂಕದಲ್ಲಿ ನೂರಕ್ಕೆ 30ರಿಂದ 50. ವಾಸನೆಯ ದ್ರವ 5 ಮೈಕ್ರೋಲೀಟರ್ ಸಾಕು, ಫಿಲ್ಟರ್ ಕಾಗದದ ಚೂರಿನ ಮೇಲೆ. ಸಕ್ಕರೆ ಮೊದಲು, ವಾಸನೆ ಆಮೇಲೆ ಎಂದು ಅನುಕ್ರಮ ತಿರುಗಿಸಿದರೆ ಪಾಠ ಹತ್ತುವುದಿಲ್ಲ.

ಕೆಡುವ ಜಾಗಗಳು ಬೇಕಾದಷ್ಟಿವೆ. ನೊಣದ ಹಿಂದೆ ಗಾಳಿ ಎಳೆಯುವ ಫ್ಯಾನ್ ಇಲ್ಲದಿದ್ದರೆ ಹಿಂದಿನ ಸುತ್ತಿನ ಹೆಕ್ಸನಾಲ್ ಅಲ್ಲೇ ಸುಳಿದಾಡುತ್ತದೆ. ಮಾಮೂಲಿ ಪ್ಲಾಸ್ಟಿಕ್ ಕೊಳವೆ ವಾಸನೆಯನ್ನು ಹೀರಿಕೊಂಡು ಮರುದಿನ ವಾಪಸ್ ಕೊಡುತ್ತದೆ, ಅದಕ್ಕೇ ಟೆಫ್ಲಾನ್ ಬಳಸುವುದು, ಮತ್ತು ಒಂದೊಂದು ವಾಸನೆಗೂ ಕೊನೆಯವರೆಗೆ ಬೇರೆ ಬೇರೆ ಕೊಳವೆ ಇಡುವುದು. ವಾಸನೆ ಬಿಡುವ ಕ್ಷಣದಲ್ಲಿ ಗಾಳಿಯ ಒಟ್ಟು ವೇಗ ಹೆಚ್ಚಾದರೆ ನೊಣ ಕಲಿಯುವುದು ಗಾಳಿಯ ತಳ್ಳನ್ನೇ ಹೊರತು ವಾಸನೆಯನ್ನಲ್ಲ. ಕವಾಟದ ‘ಟಕ್’ ಕೂಡ ಸುಳಿವಾಗಬಹುದು. ಹಾಗಾಗಿ ಖಾಲಿ ಕಾಗದದ ಸುತ್ತು ಕಡ್ಡಾಯ. ಇನ್ನೊಂದು ಕಾಟ ನೊಣಗಳದ್ದೇ. ಬೆದರಿದ ಜೇನುನೊಣ ಕೊಂಡಿಯ ಬಳಿಯಿಂದ ಐಸೊಅಮೈಲ್ ಅಸಿಟೇಟ್ ಎಂಬ ಎಚ್ಚರಿಕೆಯ ವಾಸನೆ ಬಿಡುತ್ತದೆ, ನಮ್ಮ ಮೂಗಿಗೆ ಬಾಳೆಹಣ್ಣಿನಂತೆ. ಸಾಲಿನಲ್ಲಿ ಒಂದು ನೊಣ ಅದನ್ನು ಬಿಟ್ಟರೆ ಪಕ್ಕದವುಗಳ ಆಸಕ್ತಿಯೂ ಕೆಡುತ್ತದೆ.

ಇಷ್ಟೆಲ್ಲ ಸರಿಯಿದ್ದಾಗಲೂ ಹೆಪ್ಟನಾಲ್‌ಗೆ ಸೊಂಡಿಲು ಬರುತ್ತದೆ. 2005ರಲ್ಲಿ ಗೆರ್ರಿಯೆರಿ, ಜುರ್ಫಾ ಮತ್ತು ಜೊತೆಗಾರರು 16 ವಾಸನೆಗಳನ್ನು ತೆಗೆದುಕೊಂಡು, ಒಂದನ್ನು ಕಲಿಸಿ ಉಳಿದವಕ್ಕೆ ನೊಣಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿದರು. ಆರರಿಂದ ಒಂಬತ್ತು ಕಾರ್ಬನ್ ಉದ್ದದ ಆಲ್ಕೊಹಾಲ್, ಆಲ್ಡಿಹೈಡ್, ಕೀಟೋನ್‌ಗಳು ಅವು. ಸರಪಳಿಯ ಉದ್ದ ಹತ್ತಿರವಿದ್ದಷ್ಟೂ, ತುದಿಯ ಗುಂಪು ಒಂದೇ ಆಗಿದ್ದಷ್ಟೂ ನೊಣಗಳು ಒಂದರ ಬದಲು ಇನ್ನೊಂದನ್ನು ಒಪ್ಪಿಕೊಂಡವು. ಗೊಂದಲ ಅಡ್ಡಾದಿಡ್ಡಿಯಾಗಿರಲಿಲ್ಲ, ಅದಕ್ಕೊಂದು ಭೂಪಟ ಇತ್ತು. ಭೂಪಟ ಇರುವ ಗೊಂದಲವನ್ನು ಗೊಂದಲ ಎನ್ನಲು ನನಗೆ ಮನಸ್ಸಿಲ್ಲ.

ಮೂಗಿನಲ್ಲಿ ಗೋಡೆಗಳಿಲ್ಲ

ಕೆಲಸಗಾರ ಜೇನುನೊಣದ ಒಂದು ಕುಡಿಮೀಸೆಯಲ್ಲಿ ಸುಮಾರು 60,000 ಘ್ರಾಣ ನರಕೋಶಗಳಿವೆ. ಹಣ್ಣುನೊಣಕ್ಕೆ, ಅಂದರೆ ಡ್ರೊಸೊಫಿಲಾಕ್ಕೆ, ಒಂದು ಕುಡಿಮೀಸೆಗೆ 1,200ರ ಆಸುಪಾಸು. ಮೇಲ್ಮೈಯಲ್ಲಿ ಸೂಕ್ಷ್ಮ ರೋಮಗಳಿವೆ, ರೋಮದ ಗೋಡೆಯಲ್ಲಿ ರಂಧ್ರಗಳು. ಅಣು ಆ ರಂಧ್ರದಿಂದ ಒಳಗಿನ ದ್ರವಕ್ಕೆ ಇಳಿದು ನರಕೋಶದ ಗ್ರಾಹಕವನ್ನು ತಲುಪುತ್ತದೆ. ನಮ್ಮ ಮೂಗಿನ ಗ್ರಾಹಕ ಅಣು ಬಂದಾಗ ಕೋಶದೊಳಗೆ ರಾಸಾಯನಿಕ ಸರಣಿಯೊಂದನ್ನು ಶುರು ಮಾಡುತ್ತದೆ. ಕೀಟದ ಗ್ರಾಹಕ ಹಾಗಲ್ಲ, ಅದೇ ಒಂದು ಬಾಗಿಲು: ಅಣು ಕೂತ ತಕ್ಷಣ ತೆರೆದು ಅಯಾನುಗಳನ್ನು ಒಳಬಿಡುತ್ತದೆ. ಓರ್ಕೊ ಎಂಬ ಸಾಮಾನ್ಯ ಘಟಕ ಮತ್ತು ವಾಸನೆಗೆ ತಕ್ಕಂತೆ ಬದಲಾಗುವ ಇನ್ನೊಂದು ಘಟಕ ಸೇರಿ ಈ ಬಾಗಿಲು ಆಗಿದೆ. ಹಣ್ಣುನೊಣದಲ್ಲಿ ಈ ಕುಟುಂಬದ ಜೀನ್‌ಗಳು 60. ಇವು ಬೆಳಕಿಗೆ ಬಂದದ್ದು 1999ರಲ್ಲಿ, ಸಸ್ತನಿಗಳ ಗ್ರಾಹಕಗಳು ಸಿಕ್ಕು ಎಂಟು ವರ್ಷಗಳ ನಂತರ.

ಒಂದೊಂದು ಗ್ರಾಹಕ ಒಂದೊಂದು ವಾಸನೆಗೆ ಎಂದುಕೊಂಡರೆ ಎಲ್ಲ ಸುಲಭ. ಹಾಗಿಲ್ಲ. ಹ್ಯಾಲಮ್ ಮತ್ತು ಕಾರ್ಲ್‌ಸನ್ 2006ರಲ್ಲಿ ಒಂದು ಜಾಣ ದಾರಿ ಹಿಡಿದರು. ಸ್ವಂತ ಗ್ರಾಹಕ ಕಳೆದುಕೊಂಡ ‘ಖಾಲಿ’ ನರಕೋಶವೊಂದು ಹಣ್ಣುನೊಣದಲ್ಲಿ ಅವರ ಕೈಯಲ್ಲಿತ್ತು; ಅದರೊಳಗೆ ಒಂದೊಂದೇ ಗ್ರಾಹಕವನ್ನು ಕೂರಿಸಿ, 24 ಗ್ರಾಹಕಗಳ ಎದುರು 110 ವಾಸನೆಗಳನ್ನು ಹಿಡಿದರು. ಕೆಲವು ಗ್ರಾಹಕಗಳು ಹತ್ತಾರು ವಾಸನೆಗಳಿಗೆ ಓಗೊಟ್ಟವು, ಕೆಲವು ಬೆರಳೆಣಿಕೆಗೆ. ಒಂದೇ ಗ್ರಾಹಕ ಒಂದು ವಾಸನೆಗೆ ಕೆರಳಿದರೆ ಇನ್ನೊಂದಕ್ಕೆ ತಣ್ಣಗಾಗುತ್ತಿತ್ತು, ಸುಮ್ಮನಿದ್ದಾಗಿನ ಮಿಡಿತಕ್ಕಿಂತಲೂ ಕೆಳಗೆ. ಅಂದರೆ ಹೆಕ್ಸನಾಲ್ ಎನ್ನುವುದು ಒಂದು ಗಂಟೆಯ ಸದ್ದಲ್ಲ. ಹಲವು ಗಂಟೆಗಳು ಬೇರೆ ಬೇರೆ ಬಲದಲ್ಲಿ ಬಾರಿಸಿದ ಮೇಳ. ಹೆಪ್ಟನಾಲ್ ಬಂದಾಗ ಬಹುಪಾಲು ಅವೇ ಗಂಟೆಗಳು, ಬಲದಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ.

ಗೋಡೆ ಕಟ್ಟಿಕೊಂಡ ಕೆಲವು ಇವೆ. ಜಿಯೊಸ್ಮಿನ್ ಎಂಬ ಮಣ್ಣುವಾಸನೆಯ ಅಣು ಹಣ್ಣುನೊಣಕ್ಕೆ ಅಪಾಯದ ಸುದ್ದಿ, ಕೆಟ್ಟ ಬೂಸ್ಟು ಇದೆ ಎಂದು. ಅದನ್ನು ಹಿಡಿಯುವುದು ಒಂದೇ ಗ್ರಾಹಕ (ಓಆರ್56ಎ), ಆ ಗ್ರಾಹಕ ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ಲಿಂದ ಮಿದುಳಿನೊಳಕ್ಕೆ ಅದರದ್ದೇ ದಾರಿ. ಗಂಡು ರೇಷ್ಮೆ ಪತಂಗಕ್ಕೆ ಹೆಣ್ಣಿನ ವಾಸನೆಯಾದ ಬಾಂಬಿಕಾಲ್ ಹೀಗೆಯೇ. ಬ್ಯೂಟೆನಾಂಟ್ 1959ರಲ್ಲಿ ಅದನ್ನು ಗುರುತಿಸಲು ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಸಾರ ತೆಗೆಯಬೇಕಾಯಿತು. ಜೀವ ಮತ್ತು ಸಂತಾನದ ವಿಷಯದಲ್ಲಿ ಪ್ರಕೃತಿ ಖಾಸಗಿ ತಂತಿ ಎಳೆದುಕೊಟ್ಟಿದೆ. ಉಳಿದದ್ದೆಲ್ಲ ಮೇಳದಲ್ಲೇ.

ಇಲ್ಲಿ ಅಳತೆಯ ಒಂದು ಬಲೆಯಿದೆ, ಹೊಸಬರು ಬೀಳುವುದು ಇದರಲ್ಲೇ. ಎರಡೂ ವಾಸನೆಗಳನ್ನು ಎಣ್ಣೆಯಲ್ಲಿ ನೂರಕ್ಕೊಂದು ಪಾಲು ಬೆರೆಸಿ ‘ಪ್ರಮಾಣ ಸಮ’ ಎಂದುಕೊಳ್ಳುತ್ತಾರೆ. ದ್ರವದಲ್ಲಿ ಸಮ, ಗಾಳಿಯಲ್ಲಲ್ಲ. ಹೆಪ್ಟನಾಲ್ ಹೆಕ್ಸನಾಲ್‌ಗಿಂತ ಕಡಿಮೆ ಆವಿಯಾಗುತ್ತದೆ. ಪ್ರಮಾಣ ಹೆಚ್ಚಿದಂತೆ ಓಗೊಡುವ ಗ್ರಾಹಕಗಳ ಸಂಖ್ಯೆಯೂ ಹೆಚ್ಚುತ್ತದೆ. ಹಾಗಾಗಿ ನೊಣ ಬೇರ್ಪಡಿಸಿದ್ದು ವಾಸನೆಯ ಜಾತಿಯನ್ನೋ ಬರೀ ಜೋರು-ಮೆಲುವನ್ನೋ ಹೇಳಲಾಗದು. ನಳಿಕೆಯ ಬಾಯಲ್ಲಿ, ಗಾಳಿಯಲ್ಲಿನ ಆವಿಯನ್ನು ಅಳೆಯುವ ಫೋಟೊಅಯನೈಸೇಶನ್ ಡಿಟೆಕ್ಟರ್ ಇಟ್ಟು ಅಳೆದು ಸರಿದೂಗಿಸುವುದು ಒಂದು ದಾರಿ. ಪ್ರತಿ ವಾಸನೆಯನ್ನೂ ಹಲವು ಪ್ರಮಾಣಗಳಲ್ಲಿ ಕೊಟ್ಟು, ಜೋರು-ಮೆಲುವನ್ನು ಸುಳಿವಾಗಿ ಹಿಡಿಯಲು ಆಗದಂತೆ ಮಾಡುವುದು ಇನ್ನೊಂದು. ಫಿಲ್ಟರ್ ಕಾಗದ ಹತ್ತಾರು ಊದಿಗೆ ಬಡವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಹೊಸ ಕಾಗದ ಇಡದೆ ದಿನವಿಡೀ ಓಡಿಸಿದರೆ ಸಂಜೆಯ ಹೆಕ್ಸನಾಲ್ ಬೆಳಗಿನ ಹೆಕ್ಸನಾಲ್ ಅಲ್ಲ.

ಉಂಡೆಗಳ ಸಂತೆ

ಕುಡಿಮೀಸೆಯಿಂದ ಹೊರಟ ತಂತಿಗಳು ಮಿದುಳಿನ ಆಂಟೆನಲ್ ಲೋಬ್ ಎಂಬ ಭಾಗಕ್ಕೆ ಬಂದು, ಗ್ಲಾಮೆರುಲಸ್ ಎಂಬ ಪುಟ್ಟ ಉಂಡೆಗಳಲ್ಲಿ ಮುಗಿಯುತ್ತವೆ. ಹಣ್ಣುನೊಣದಲ್ಲಿ ಇಂಥ ಉಂಡೆಗಳು 50ರಷ್ಟು, ಜೇನುನೊಣದಲ್ಲಿ 160ರಷ್ಟು. ಒಂದೇ ಗ್ರಾಹಕ ಹೊತ್ತ ನರಕೋಶಗಳೆಲ್ಲ ಎಲ್ಲೆಲ್ಲಿ ಚದುರಿದ್ದರೂ ಒಂದೇ ಉಂಡೆಗೆ ಬಂದು ಸೇರುವುದು ಹಣ್ಣುನೊಣದ ನಿಯಮ. (ಈ ನಿಯಮ ಎಲ್ಲ ಕಡೆ ನಡೆಯುವುದಿಲ್ಲ. ಹಳದಿ ಜ್ವರದ ಸೊಳ್ಳೆಯಲ್ಲಿ ಒಂದೇ ನರಕೋಶ ಹಲವು ಗ್ರಾಹಕಗಳನ್ನು ಹೊತ್ತಿರುವುದು 2022ರಲ್ಲಿ ಕಂಡುಬಂತು. ಮಿಡತೆಯಲ್ಲಂತೂ ಉಂಡೆಗಳೇ ಸಾವಿರದ ಲೆಕ್ಕದಲ್ಲಿವೆ.) ಹಲವು ನರಕೋಶಗಳ ಮಾತನ್ನು ಒಂದೆಡೆ ಕೂಡಿಸಿದಾಗ ಒಬ್ಬೊಬ್ಬರ ತೊದಲು ಕಳೆದು ಒಟ್ಟು ಮಾತು ಸ್ಪಷ್ಟವಾಗುತ್ತದೆ. ಆಂಟೆನಲ್ ಲೋಬ್‌ನ ಮೊದಲ ಲಾಭ ಅದು.

ಎರಡನೆಯ ಲಾಭ ಪಕ್ಕದವರ ಬಾಯಿ ಮುಚ್ಚಿಸುವುದರಿಂದ ಬರುತ್ತದೆ. ಉಂಡೆಗಳ ನಡುವೆ ಓಡಾಡುವ ಸ್ಥಳೀಯ ನರಕೋಶಗಳಲ್ಲಿ ಬಹುಪಾಲು ತಡೆಯುವ ಜಾತಿಯವು. ಒಟ್ಟು ಗದ್ದಲ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಪ್ರತಿ ಉಂಡೆಯ ದನಿಯನ್ನೂ ಇಳಿಸುತ್ತವೆ. ಆಲ್ಸನ್, ಭಂಡಾವತ್ ಮತ್ತು ವಿಲ್ಸನ್ 2010ರಲ್ಲಿ ಹಣ್ಣುನೊಣದಲ್ಲಿ ತೋರಿಸಿದಂತೆ ಇದು ಹೆಚ್ಚುಕಡಿಮೆ ಭಾಗಾಕಾರ: ಒಂದು ಉಂಡೆಯ ಮಾತನ್ನು ಒಟ್ಟು ಸದ್ದಿನಿಂದ ಭಾಗಿಸಿದಂತೆ. ಜೋರು ವಾಸನೆ ಬಂದಾಗ ಎಲ್ಲ ಉಂಡೆಗಳೂ ಒಟ್ಟಿಗೆ ಕಿರುಚಿ ಒಂದೇ ಥರ ಆಗಿಬಿಡುವ ಅಪಾಯ ಇದರಿಂದ ತಪ್ಪುತ್ತದೆ, ಮೆಲು ವಾಸನೆಗೆ ಸಿಗುವ ಎತ್ತರ ಹಾಗೆಯೇ ಉಳಿಯುತ್ತದೆ.

ಸಮಯದ ಮಾತೂ ಇದೆ. ಜೀಲ್ ಲೋರಾನ್ ಅವರ ಪ್ರಯೋಗಾಲಯ ಮಿಡತೆಯಲ್ಲಿ ವಾಸನೆ ಬಂದಾಗ ಸೆಕೆಂಡಿಗೆ 20ರಿಂದ 30 ಸಲ ಏರಿಳಿಯುವ ಲಯವೊಂದನ್ನು ಕಂಡಿತು. ಆ ಲಯದ ಯಾವ ಏರಿನಲ್ಲಿ ಯಾವ ಕೋಶಗಳು ಒಟ್ಟಿಗೆ ಮಿಡಿಯುತ್ತವೆ ಎಂಬುದು ವಾಸನೆಯಿಂದ ವಾಸನೆಗೆ ಬೇರೆ. ಇದು ಬರೀ ಅಲಂಕಾರವೋ ಉಪಯೋಗವೋ? ಸ್ಟಾಪ್ಫರ್ ಮತ್ತು ಜೊತೆಗಾರರು 1997ರಲ್ಲಿ ಜೇನುನೊಣದ ಆಂಟೆನಲ್ ಲೋಬ್‌ಗೆ ಪಿಕ್ರೊಟಾಕ್ಸಿನ್ ಹಾಕಿದರು. ಅದು ವೇಗದ ತಡೆಯನ್ನು ಮುರಿದು ಲಯವನ್ನು ಚದುರಿಸುತ್ತದೆ. ಆ ನೊಣಗಳು ರಚನೆಯಲ್ಲಿ ದೂರವಿರುವ ವಾಸನೆಗಳನ್ನು ಎಂದಿನಂತೆ ಬೇರ್ಪಡಿಸಿದವು, ಹತ್ತಿರದವುಗಳನ್ನು ಮಾತ್ರ ಬೇರ್ಪಡಿಸಲಾರದೆ ಹೋದವು. ಈ ಪ್ರಯೋಗದ ಅಂದ ಇರುವುದು ಅದರೊಳಗೇ ಇರುವ ಪರೀಕ್ಷೆಯಲ್ಲಿ. ದೂರದ ಜೋಡಿಯಲ್ಲಿ ಗೆದ್ದ ನೊಣಕ್ಕೆ ವಾಸನೆ ಬರುತ್ತಿದೆ, ಕಲಿಕೆ ಇದೆ, ನೆನಪಿದೆ, ಸೊಂಡಿಲೂ ಆಡುತ್ತಿದೆ. ಹೋದದ್ದು ನವಿರು ಒಂದೇ.

ಎರಡು ಸಾವಿರ ಕೋಶ, ಒಂದು ಸಣ್ಣ ಲೆಕ್ಕ

ಆಂಟೆನಲ್ ಲೋಬ್ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಒಂದು ಲ್ಯಾಟರಲ್ ಹಾರ್ನ್‌ಗೆ. ಅಲ್ಲಿನ ಜೋಡಣೆ ನೊಣದಿಂದ ನೊಣಕ್ಕೆ ಹೆಚ್ಚು ಬದಲಾಗದು, ಹುಟ್ಟಿನಿಂದ ಬಂದ ಇಷ್ಟಾನಿಷ್ಟಗಳಿಗೆ ಅದು ನೆಲೆ. ಇನ್ನೊಂದು ದಾರಿ ಮಶ್ರೂಮ್ ಬಾಡಿಗೆ, ಕಾಂಡದ ಮೇಲೆ ಟೋಪಿ ಇಟ್ಟ ಅಣಬೆಯಂಥ ಭಾಗ. ದ್ಯುಜಾರ್ಡ್ಯಾಂ 1850ರಲ್ಲೇ ಇದನ್ನು ಕಂಡು ಕೀಟದ ಬುದ್ಧಿಗೂ ಇದಕ್ಕೂ ನಂಟು ಇದ್ದೀತು ಎಂದಿದ್ದರು. ಇದರ ಕೋಶಗಳಿಗೆ ಕೆನ್ಯನ್ ಕೋಶ ಎಂದು ಹೆಸರು. ಹಣ್ಣುನೊಣದ ಒಂದು ಪಕ್ಕದಲ್ಲಿ 2,000, ಮಿಡತೆಯಲ್ಲಿ 50,000, ಜೇನುನೊಣದಲ್ಲಿ 1,70,000ದ ಹತ್ತಿರ. ಐವತ್ತು ಉಂಡೆಗಳ ಸುದ್ದಿ ಸುಮಾರು 150 ಕೋಶಗಳ ಮೂಲಕ 2,000 ಕೋಶಗಳಿಗೆ ಹರಡುತ್ತದೆ. ಯಾಕಿಷ್ಟು ಹರವು?

ಪ್ರತಿ ಕೆನ್ಯನ್ ಕೋಶಕ್ಕೆ ಆರೇಳು ‘ಉಗುರು’ಗಳಿವೆ, ಒಂದೊಂದು ಉಗುರು ಒಂದೊಂದು ತಂತಿಯನ್ನು ಹಿಡಿದಿರುತ್ತದೆ. ಯಾವ ಕೋಶ ಯಾವ ಯಾವ ಉಂಡೆಯ ತಂತಿ ಹಿಡಿದಿದೆ ಎಂಬುದಕ್ಕೆ ಕ್ರಮವೇ ಕಾಣುವುದಿಲ್ಲ ಎಂದು ಕ್ಯಾರನ್, ಆಕ್ಸೆಲ್ ಮುಂತಾದವರು 2013ರಲ್ಲಿ ತೋರಿಸಿದರು. ಚೀಟಿ ಎತ್ತಿ ಹಂಚಿದಂತಿದೆ. ಒಂದು ತಂತಿ ಮಿಡಿದರೆ ಕೋಶ ಏಳುವುದಿಲ್ಲ, ಹಲವು ಒಟ್ಟಿಗೆ ಮಿಡಿಯಬೇಕು. ಈಗ ಕಾಗದದ ಮೇಲೆ ಲೆಕ್ಕ ಹಾಕೋಣ, ಸಂಖ್ಯೆಗಳು ಉದಾಹರಣೆಗೆ ಮಾತ್ರ. ಹೆಕ್ಸನಾಲ್ 20 ಉಂಡೆಗಳನ್ನು ಎಬ್ಬಿಸುತ್ತದೆ, ಹೆಪ್ಟನಾಲ್ ಕೂಡ 20, ಎರಡಕ್ಕೂ ಸಾಮಾನ್ಯವಾದವು 15. ಉಂಡೆಗಳ ಮಟ್ಟದಲ್ಲಿ ನೂರಕ್ಕೆ 75 ಒಂದೇ. ಕೋಶ ಏಳಲು 4 ತಂತಿ ಒಟ್ಟಿಗೆ ಬೇಕು ಎಂದಿಟ್ಟುಕೊಳ್ಳಿ. ಹೆಕ್ಸನಾಲ್‌ಗೆ ಎದ್ದ ಕೋಶ ಅದೇ ನಾಲ್ಕು ತಂತಿಗಳ ಬಲದಲ್ಲಿ ಹೆಪ್ಟನಾಲ್‌ಗೂ ಏಳಬೇಕಾದರೆ ನಾಲ್ಕೂ ಆ 15ರೊಳಗೇ ಬರಬೇಕು: 0.75ನ್ನು ನಾಲ್ಕು ಸಲ ಗುಣಿಸಿದರೆ 0.32. ಏಳೂ ಬೇಕೆಂದರೆ 0.13. ಮುಕ್ಕಾಲು ಪಾಲು ಹೋಲಿಕೆ ಮೂರನೇ ಒಂದಕ್ಕೆ, ಅಥವಾ ಏಳನೇ ಒಂದಕ್ಕೂ ಕೆಳಗೆ ಇಳಿಯಿತು. ಯಾರೂ ಏನನ್ನೂ ಕಲಿಯಲಿಲ್ಲ. ಚೀಟಿ ಎತ್ತಿದ್ದು ಮತ್ತು ‘ಒಟ್ಟಿಗೆ ಬನ್ನಿ’ ಎಂದದ್ದು, ಇಷ್ಟೇ.

ಬಹಳ ಬರಹಗಳು ಇಲ್ಲಿ ಚಪ್ಪಾಳೆ ತಟ್ಟಿ ನಿಲ್ಲುತ್ತವೆ. ಆದರೆ ಇದೇ ಸೂತ್ರವನ್ನು ಎರಡನೆಯ ಸಲ ಬಂದ ಹೆಕ್ಸನಾಲ್‌ಗೆ ಹಾಕಿ ನೋಡಿ. ಗಾಳಿ ಅಷ್ಟಿಷ್ಟು ಬೇರೆ, ನರಕೋಶಗಳ ತೊದಲು ಬೇರೆ. 20 ಉಂಡೆಗಳಲ್ಲಿ 18 ಮಾತ್ರ ಮತ್ತೆ ಎದ್ದವು ಎನ್ನೋಣ. 0.9ನ್ನು ನಾಲ್ಕು ಸಲ ಗುಣಿಸಿದರೆ 0.66, ಏಳು ಸಲ ಗುಣಿಸಿದರೆ 0.48. ಏಳೂ ತಂತಿ ಬೇಕೆಂದು ಹಟ ಹಿಡಿದ ನೊಣಕ್ಕೆ ಇವತ್ತಿನ ಹೆಕ್ಸನಾಲ್ ನಿನ್ನೆಯದ್ದರ ಅರ್ಧ ಮಾತ್ರ. ಹತ್ತಿರದ ಎರಡನ್ನು ದೂರ ಮಾಡುವ ಯಂತ್ರವೇ ಒಂದನ್ನು ಅದರಿಂದಲೇ ದೂರ ಮಾಡುತ್ತದೆ. ಆದ್ದರಿಂದ ಎಷ್ಟು ತಂತಿ ಬೇಕು ಎಂಬ ಗೆರೆಯನ್ನು ಹದವಾಗಿ ಎಳೆಯಲು ಒಬ್ಬರು ಬೇಕು.

ಹಣ್ಣುನೊಣದಲ್ಲಿ ಆ ಕೆಲಸದ ದೊಡ್ಡ ಪಾಲು ಪ್ರತಿ ಪಕ್ಕಕ್ಕೆ ಒಂದೇ ಒಂದು ಇರುವ ದೈತ್ಯ ಕೋಶದ್ದು, ಹೆಸರು ಎಪಿಎಲ್. ಎಲ್ಲ ಕೆನ್ಯನ್ ಕೋಶಗಳ ಮಾತು ಕೇಳಿಸಿಕೊಂಡು, ಗದ್ದಲ ಹೆಚ್ಚಿದಷ್ಟೂ ಎಲ್ಲರನ್ನೂ ಒಟ್ಟಿಗೆ ಒತ್ತುತ್ತದೆ. ಕೊನೆಗೆ ಒಂದು ವಾಸನೆಗೆ ಏಳುವುದು ನೂರಕ್ಕೆ 5ರಿಂದ 10 ಕೋಶಗಳು. ಮಿಡತೆಯಲ್ಲೂ ಇಂಥದೇ ದೈತ್ಯ ಕೋಶವಿದೆ. ಆಕ್ಸ್‌ಫರ್ಡ್‌ನ ಮೀಸೆನ್‌ಬಾಕ್ ತಂಡ 2014ರಲ್ಲಿ ಎಪಿಎಲ್‌ನ ಬಾಯಿ ಕಟ್ಟಿತು. ಎಂದಿಗಿಂತ ಹೆಚ್ಚು ಕೋಶಗಳು ಎದ್ದವು, ವಾಸನೆಗಳ ನಡುವಿನ ಹೋಲಿಕೆ ಹೆಚ್ಚಿತು. ಹೋಲುವ ಜೋಡಿಯನ್ನು ಕಲಿತು ಬೇರ್ಪಡಿಸಲು ನೊಣಗಳು ಸೋತವು, ಹೋಲದ ಜೋಡಿಯಲ್ಲಿ ಗೆದ್ದವು. ಪಿಕ್ರೊಟಾಕ್ಸಿನ್ ಪ್ರಯೋಗದ ಆಕಾರವೇ, ಇನ್ನೊಂದು ಮೆಟ್ಟಿಲ ಮೇಲೆ.

ಕತ್ತಲ ಕೋಣೆಯ ನೂರು ನೊಣ

ಇಂಥ ಪರೀಕ್ಷೆಗಳು ನಡೆಯುವ ಟಿ ಆಕಾರದ ಕವಲು ಕೊಳವೆಯನ್ನೂ ನೋಡಿಬಿಡಬೇಕು. 1985ರಲ್ಲಿ ಟಲ್ಲಿ ಮತ್ತು ಕ್ವಿನ್ ರೂಢಿಗೆ ತಂದ ಕ್ರಮ ಇದು. ನೂರರಷ್ಟು ಹಣ್ಣುನೊಣಗಳು, ನೊಣಕ್ಕೆ ಅಷ್ಟಾಗಿ ಕಾಣದ ಮಂದ ಕೆಂಪು ಬೆಳಕು, ತೇವ ಇರುವ ಕೋಣೆ. ಒಳಗೆ ತಾಮ್ರದ ಜಾಲ ಹಾಸಿದ ಕೊಳವೆಯಲ್ಲಿ 60 ಸೆಕೆಂಡು ಒಂದು ವಾಸನೆ, ಜೊತೆಗೆ 5 ಸೆಕೆಂಡಿಗೊಮ್ಮೆಯಂತೆ 12 ಸಲ ಕರೆಂಟು ತಟ್ಟು. ಸ್ವಲ್ಪ ಶುದ್ಧ ಗಾಳಿ. ಮತ್ತೆ 60 ಸೆಕೆಂಡು ಇನ್ನೊಂದು ವಾಸನೆ, ತಟ್ಟು ಇಲ್ಲ. ಆಮೇಲೆ ನೊಣಗಳನ್ನು ಕವಲಿಗೆ ಇಳಿಸಿ, ಆ ಕಡೆ ಒಂದು ವಾಸನೆ, ಈ ಕಡೆ ಇನ್ನೊಂದು. 2 ನಿಮಿಷಕ್ಕೆ ಬಾಗಿಲು ಮುಚ್ಚಿ ಎರಡೂ ಕಡೆ ಎಣಿಕೆ. ವಾಸನೆಗಳು ಸಾಮಾನ್ಯವಾಗಿ 3-ಆಕ್ಟನಾಲ್ ಮತ್ತು 4-ಮೀಥೈಲ್‌ಸೈಕ್ಲೊಹೆಕ್ಸನಾಲ್.

ಏನೂ ಕಲಿಸದ ನೊಣಗಳನ್ನು ಮೊದಲು ಕವಲಿಗೆ ಬಿಟ್ಟು, ಅವು ಅರ್ಧಕ್ಕರ್ಧ ಹಂಚಿಕೊಳ್ಳುವವರೆಗೆ ಎರಡೂ ವಾಸನೆಗಳ ಪ್ರಮಾಣ ತಿದ್ದಬೇಕು. ಇದನ್ನು ಬಿಟ್ಟರೆ ಕಲಿಕೆ ಎಂದು ಕಂಡದ್ದು ಹುಟ್ಟು ಅಸಹ್ಯವೇ ಇರಬಹುದು. ಪಾಠವನ್ನು ಇನ್ನೊಂದು ಗುಂಪಿಗೆ ಅದಲುಬದಲು ಮಾಡಿ ಕಲಿಸಿ, ಎರಡರ ಸರಾಸರಿಯನ್ನೇ ಒಂದು ಅಂಕ ಎಂದು ಹಿಡಿಯುವುದೂ ಇದಕ್ಕೇ. ನೊಣದಲ್ಲಿ ಬದಲಾವಣೆ ಮಾಡಿ ಅಂಕ ಬಿದ್ದರೆ, ತಟ್ಟು ತಾಗುತ್ತಿದೆಯೇ, ಪ್ರತಿ ವಾಸನೆಯೂ ಮೂಗಿಗೆ ಬರುತ್ತಿದೆಯೇ ಎಂದು ಬೇರೆ ಬೇರೆ ನೋಡದೆ ಮುಂದಿನ ಮಾತಾಡುವಂತಿಲ್ಲ. ಬೇಸರದ ಕೆಲಸ. ಆದರೆ ‘ಬೇರ್ಪಡಿಸಲಾರದು’ ಎಂಬ ವಾಕ್ಯದ ಬೆಲೆ ಇರುವುದು ಈ ಬೇಸರದಲ್ಲೇ.

ವಾಸನೆ ಎಂಬ ಪದ

ಕಲಿಕೆ ಆಗುವುದು ಕೆನ್ಯನ್ ಕೋಶಗಳ ಒಳಗಲ್ಲ, ಅವು ಮುಂದಿನ ಕೋಶಗಳನ್ನು ಮುಟ್ಟುವ ಜಾಗದಲ್ಲಿ. ಎರಡು ಸಾವಿರ ಕೋಶಗಳ ಮಾತು ಹಣ್ಣುನೊಣದಲ್ಲಿ ಮೂರು ಡಜನ್‌ನಷ್ಟು ಹೊರಕೋಶಗಳಿಗೆ ಇಳಿಯುತ್ತದೆ. ಕೆಲವು ‘ಹತ್ತಿರ ಹೋಗು’ ಎನ್ನುತ್ತವೆ, ಕೆಲವು ‘ದೂರ ಸರಿ’ ಎನ್ನುತ್ತವೆ. ತಟ್ಟು ಬಿದ್ದಾಗ ಡೋಪಮಿನ್ ಎಂಬ ನರ ರಾಸಾಯನಿಕ ಬಂದು, ಆ ಹೊತ್ತಿಗೆ ಎದ್ದಿದ್ದ ಕೆನ್ಯನ್ ಕೋಶಗಳಿಂದ ‘ಹತ್ತಿರ ಹೋಗು’ ಕೋಶಕ್ಕೆ ಇರುವ ಸೇತುವೆಯನ್ನು ದುರ್ಬಲ ಮಾಡುತ್ತದೆ. ನೆನಪೆಂದರೆ ಏನೋ ಗಟ್ಟಿಯಾಗುವುದು ಎಂದುಕೊಂಡವರಿಗೆ ಇದು ವಿಚಿತ್ರ. ಇಲ್ಲಿ ಕಲಿಕೆ ಒಂದು ದನಿಯನ್ನು ಅಡಗಿಸುವುದು. (ಕನ್ನಡದಲ್ಲಿ ‘ವಾಸನೆ’ಗೆ ಎರಡು ಅರ್ಥ: ಮೂಗಿಗೆ ಬರುವುದು ಒಂದು, ಹಿಂದಿನ ಅನುಭವ ಬಿಟ್ಟುಹೋದ ಸಂಸ್ಕಾರ ಇನ್ನೊಂದು. ನರವಿಜ್ಞಾನಕ್ಕೆ ಈ ಎರಡನ್ನು ಒಂದೇ ಅಂಗಾಂಶದಲ್ಲಿ ನೋಡಲು ಬಹಳ ಕಾಲ ಬೇಕಾಯಿತು. ನಮ್ಮ ಇನ್ನುಳಿದ ಪದಗಳು, ಪರಿಮಳ, ಘಮ, ನಾತ, ಗಬ್ಬು, ಲ್ಯಾಟರಲ್ ಹಾರ್ನ್‌ನ ಥರ: ಹೆಸರು ಹೇಳುವಾಗಲೇ ತೀರ್ಪನ್ನೂ ಹೇಳಿಬಿಡುತ್ತವೆ.)

ಈಗ ಹೆಪ್ಟನಾಲ್‌ಗೆ ಚಾಚಿದ ಸೊಂಡಿಲಿಗೆ ಮರಳಬಹುದು. ಹೆಕ್ಸನಾಲ್ ಕಲಿಸಿದಾಗ ಬದಲಾದ ಸೇತುವೆಗಳಲ್ಲಿ, ಕಾಗದದ ಮೇಲಿನ ನಮ್ಮ ಲೆಕ್ಕದಂತೆ, ಮೂರನೇ ಒಂದು ಪಾಲು ಹೆಪ್ಟನಾಲ್ ಕೂಡ ಬಳಸುವಂಥವು. ಹೆಪ್ಟನಾಲ್ ಒಂದೇ ಬಂದಾಗ ಆ ಪಾಲಿನಷ್ಟು ‘ಸಕ್ಕರೆ ಬರಬಹುದು’ ಎಂಬ ಸೂಚನೆ ಸಿಗುತ್ತದೆ, ಎದುರು ವಾದ ಮಾಡುವವರು ಯಾರೂ ಇಲ್ಲ, ಸೊಂಡಿಲು ಬರುತ್ತದೆ. ಹೆಪ್ಟನಾಲ್‌ಗೆ ಸಕ್ಕರೆ ಇಲ್ಲ ಎಂದೂ ಕಲಿಸಿದಾಗ ಸಾಮಾನ್ಯ ಪಾಲಿನ ಸೇತುವೆಗಳು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಎಳೆಯಲ್ಪಟ್ಟು ಒಂದಕ್ಕೊಂದು ವಜಾ ಆಗುತ್ತವೆ. ಉಳಿಯುವುದು ಆಯಾ ವಾಸನೆಗೆ ಮಾತ್ರ ಸೇರಿದವು. ನಿರೀಕ್ಷಿಸಿದ ಸಕ್ಕರೆ ಬರದಾಗ ಹಣ್ಣುನೊಣದಲ್ಲಿ ವಿರುದ್ಧ ಬಣದ ಡೋಪಮಿನ್ ಕೋಶಗಳು ಕೆಲಸಕ್ಕಿಳಿಯುವುದು ಕಂಡಿದೆ, ಅಂದರೆ ವಜಾ ಮಾಡುವ ಸಲಕರಣೆ ಇದೆ. ಆಂಟೆನಲ್ ಲೋಬ್‌ನಲ್ಲಾಗಲಿ ಕೆನ್ಯನ್ ಕೋಶಗಳಲ್ಲಾಗಲಿ ಏನನ್ನೂ ಬದಲಿಸದೆ, ಒಂದೇ ಜೋಡಣೆಯಿಂದ ‘ಎರಡೂ ಒಂದೇ’ ಎಂಬ ಉತ್ತರವೂ ಬರುತ್ತದೆ, ‘ಎರಡೂ ಬೇರೆ’ ಎಂಬುದೂ ಬರುತ್ತದೆ. ಯಾವುದು ಎಂಬುದನ್ನು ಪಾಠ ತೀರ್ಮಾನಿಸುತ್ತದೆ.

ಇಷ್ಟು ಅಚ್ಚುಕಟ್ಟಾದ ಕಥೆಯನ್ನು ಹಣ್ಣುನೊಣದಿಂದ ಎತ್ತಿ ಜೇನುನೊಣದ ಮೇಲೆ ಹಾಗೇ ಇಡುವಾಗ ಕೈ ನಡುಗಬೇಕು. ಜೇನಿನಲ್ಲಿ ಸಕ್ಕರೆಯ ಸುದ್ದಿ ತರುವ ಒಂದು ಕೋಶವನ್ನು 1993ರಲ್ಲಿ ಮಾರ್ಟಿನ್ ಹ್ಯಾಮರ್ ಗುರುತಿಸಿದರು. ಸಕ್ಕರೆ ಕೊಡದೆ ಬರೀ ಆ ಕೋಶವನ್ನು ಕೆರಳಿಸಿದರೂ ನೊಣ ವಾಸನೆಯನ್ನು ಕಲಿಯಿತು. ಅದರ ಕೊಂಬೆಗಳು ಮಶ್ರೂಮ್ ಬಾಡಿಗೂ ಹೋಗುತ್ತವೆ, ಆಂಟೆನಲ್ ಲೋಬ್‌ಗೂ ಹೋಗುತ್ತವೆ. ಹಾಗಾದರೆ ಕಲಿಕೆಯ ಒಂದು ಪಾಲು ಕೆಳಮೆಟ್ಟಿಲಲ್ಲೇ ಆಗುತ್ತಿರಬೇಕು. 2007ರಲ್ಲಿ ದೆವೋ ಮತ್ತು ಜೊತೆಗಾರರು ಜೇನುನೊಣದ ಮಶ್ರೂಮ್ ಬಾಡಿಯನ್ನು ಪ್ರೊಕೇನ್ ಹಾಕಿ ಮರಗಟ್ಟಿಸಿದಾಗ ‘ಇದಕ್ಕೆ ಸಕ್ಕರೆ, ಅದಕ್ಕಿಲ್ಲ’ ಎಂಬ ಸರಳ ಪಾಠ ಕೆಡಲಿಲ್ಲ. ಪಾಠ ತಿರುಗಿಸಿ ‘ಈಗ ಅದಕ್ಕೆ ಸಕ್ಕರೆ, ಇದಕ್ಕಿಲ್ಲ’ ಎಂದಾಗ ಮಾತ್ರ ಆ ನೊಣಗಳು ಕಲಿಯಲಿಲ್ಲ. ಒಂದು ಕಾರ್ಬನ್‌ನ ಅಂತರವನ್ನು ಗುರುತಿಸುವುದಕ್ಕಿಂತ, ಆ ಅಂತರದ ಅರ್ಥ ಬದಲಾದಾಗ ಹಳೆಯದನ್ನು ಬಿಡುವುದಕ್ಕೆ ಮಶ್ರೂಮ್ ಬಾಡಿ ಹೆಚ್ಚು ಬೇಕು ಎಂದಂತಾಯಿತು.

ಪ್ರಯೋಗದ ಕೊನೆಯಲ್ಲಿ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ಹೆಪ್ಟನಾಲ್‌ಗೆ ಸೊಂಡಿಲು ಚಾಚದ ನೊಣಗಳ ಎದುರು ಸೊನ್ನೆ ಬರೆದಾಗಿದೆ. ಸಾಲಿನ ಪ್ರತಿ ನೊಣದ ಕುಡಿಮೀಸೆಗೂ ಇನ್ನೊಮ್ಮೆ ಸಕ್ಕರೆ ನೀರಿನ ಕಡ್ಡಿ ಮುಟ್ಟಿಸಬೇಕು. ಸೊಂಡಿಲು ಬಂದರೆ ಅದರ ಸೊನ್ನೆ ಉತ್ತರ ಎಂದು ಉಳಿಯುತ್ತದೆ. ಬರದಿದ್ದರೆ ಆ ನೊಣ ಸುಸ್ತಾಗಿದೆ, ಇಲ್ಲವೇ ಹೊಟ್ಟೆ ತುಂಬಿದೆ. ಅದರ ಸಾಲನ್ನೇ ಅಡ್ಡಗೆರೆ ಎಳೆದು ಹೊಡೆದುಹಾಕಬೇಕು.